ಹೊಲ ಕಾಯಲು ಬೈನಾಕ್ಯುಲರ್: 8 ಸಾಕೋ, 10 ಬೇಕೋ?

ಬದುವಿನಾಚೆ (ರಾಣೆಬೆನ್ನೂರು ಕಡೆ):

ಎಲ್ಲರಿಗೂ ನಮಸ್ಕಾರ. ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಅಂಚಿಗೆ ನಮ್ಮದು ಎಂಟು ಎಕರೆ ಹೊಲ. ಗೋವಿನಜೋಳ, ಸ್ವಲ್ಪ ಶೇಂಗಾ. ಪೈರು ಎಳೆಯದಾಗಿದ್ದಾಗ ಚಿಗರಿ (ಕೃಷ್ಣಮೃಗ) ಬರುತ್ತವೆ. ತೆನೆ ಹಾಲುಗಟ್ಟಿದರೆ ಹಂದಿ. ಅಪ್ಪನಿಗೆ 64 ವರ್ಷ. ದಿನಾ ಸಂಜೆ ಅಟ್ಟ ಹತ್ತಿ ಕೂರುತ್ತಾರೆ. ಹೊಲದಿಂದ ಸುಮಾರು 400 ಮೀಟರ್ ಆಚೆ ಒಂದು ಹಳ್ಳ ಇದೆ, ಅದರ ದಂಡೆ ತುಂಬ ಜಾಲಿ ಗಿಡ. ಪ್ರಾಣಿಗಳು ಹೊರಗೆ ಬರೋದು ಅಲ್ಲಿಂದಲೇ. ಅಲ್ಲೇ ಕಂಡುಬಿಟ್ಟರೆ ಪಕ್ಕದ ಹೊಲದವರಿಗೂ ಫೋನ್ ಮಾಡಿ, ತಗಡು ಬಡಿದು, ಒಳಗೆ ಬರೋ ಮೊದಲೇ ತಿರುಗಿಸಬಹುದು. ಹೊಲದೊಳಗೆ ಬಂದ ಮೇಲೆ ಕಂಡು ಏನು ಉಪಯೋಗ?

ಅದಕ್ಕೆ ಒಂದು ಬೈನಾಕ್ಯುಲರ್ ತಗೋಬೇಕು. ನಮ್ಮಜ್ಜನ ಕಾಲದಲ್ಲಿ ಈ ಕಡೆ ಬೇಟೆ ಇತ್ತಂತೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮುಗಿಯಿತು, ಒಳ್ಳೆಯದೇ ಆಯಿತು. ಆದರೆ ಮುಸ್ಸಂಜೆಯಲ್ಲಿ ಪ್ರಾಣಿ ನೋಡಲು ಯಾವ ಬೈನಾಕ್ಯುಲರ್ ಅಂತ ಹುಡುಕಿದರೆ ಬರೆದವರೆಲ್ಲ ಹೊರದೇಶದ ಬೇಟೆಗಾರರೇ. ಒಬ್ಬರು 10 ಅನ್ನುತ್ತಾರೆ, ಇನ್ನೊಬ್ಬರು 15. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ 20×50 ತೋರಿಸಿದರು. ನಂಬರ್ ದೊಡ್ಡದಾದಷ್ಟೂ ಒಳ್ಳೆಯದು ಅಂದರು. ಹತ್ತು-ಹನ್ನೆರಡು ಸಾವಿರ ಹಾಕಬಲ್ಲೆ. ಅಷ್ಟು ದುಡ್ಡು ಸುಮ್ನೆ ಹೋಗಬಾರದು. ಬಳಸಿದವರು ಹೇಳಿ.

ಕೆಲಗೇರಿ ಕೆರೆ (ಧಾರವಾಡ):

20×50 ಬೇಡ. ಇದನ್ನು ಮೊದಲು ಹೇಳಿಬಿಡುತ್ತೇನೆ.

ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತರುತ್ತದೆ ಅನ್ನೋದು. ಎರಡನೆಯದು ಮುಂಭಾಗದ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಈಗ ನಿಮ್ಮ ಹಳ್ಳದ ದಂಡೆಯನ್ನೇ ತಗೊಳ್ಳಿ. 400 ಮೀಟರ್ ದೂರದ ಚಿಗರಿ 8ರಲ್ಲಿ 50 ಮೀಟರ್ ದೂರದಲ್ಲಿ ನಿಂತ ಹಾಗೆ ಕಾಣುತ್ತದೆ. 10ರಲ್ಲಿ 40 ಮೀಟರ್. ಜನ ಇಷ್ಟೊಂದು ವಾದ ಮಾಡೋದು ಈ ಹತ್ತು ಮೀಟರಿಗೆ. 50 ಮೀಟರ್ ದೂರದ ಚಿಗರಿಯ ಕೋಡು, ಕಣ್ಣಿನ ಸುತ್ತಲಿನ ಬಿಳಿ ಬಳೆ ಎಲ್ಲ ಚೆನ್ನಾಗೇ ಕಾಣುತ್ತವೆ, ಅಲ್ವಾ?

ಇನ್ನು ಆ ಹತ್ತು ಮೀಟರಿಗೆ ಏನು ಕೊಡುತ್ತೀರಿ ನೋಡಿ. ಸಾಧಾರಣ 8×42ರಲ್ಲಿ 1000 ಮೀಟರ್ ದೂರದಲ್ಲಿ 130-140 ಮೀಟರ್ ಅಗಲದ ಜಾಗ ಕಾಣುತ್ತದೆ. 10×42ರಲ್ಲಿ 105-115. ನಿಮ್ಮ 400 ಮೀಟರಿಗೆ ಇಳಿಸಿದರೆ ಮೊದಲನೆಯದು ಸುಮಾರು 55 ಮೀಟರ್, ಎರಡನೆಯದು ಸುಮಾರು 44. 20×50 ಆದರೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಜಾಲಿ ಸಾಲಿನಲ್ಲಿ ಏನೋ ಅಲ್ಲಾಡಿತು ಅಂತ ಅಪ್ಪ ಬೈನಾಕ್ಯುಲರ್ ಎತ್ತುತ್ತಾರೆ. ಅಷ್ಟು ಕಿರಿದಾದ ಕಿಂಡಿಯಲ್ಲಿ ಆ ಗಿಡ ಯಾವುದು ಅಂತ ಹುಡುಕೋದರಲ್ಲೇ ಹಂದಿ ದಾಟಿ ಹೋಗಿರುತ್ತದೆ.

ಕೈ ನಡುಕದ ಮಾತೂ ಇದೆ. ಪ್ರಾಣಿ ಎಷ್ಟು ಪಟ್ಟು ದೊಡ್ಡದಾಗುತ್ತದೋ ನಡುಕವೂ ಅಷ್ಟೇ ಪಟ್ಟು. ಕೈಯಲ್ಲಿ ಹಿಡಿದು ನೋಡೋದಕ್ಕೆ ಹೆಚ್ಚಿನವರಿಗೆ 10 ಕೊನೆ. 12 ದಾಟಿದರೆ ಟ್ರೈಪಾಡ್ ಬೇಕೇ ಬೇಕು. ನಾನು ಹದಿನಾಲ್ಕು ವರ್ಷದಿಂದ ಹಕ್ಕಿ ನೋಡುತ್ತಿದ್ದೇನೆ. 10ರಿಂದ ಶುರು ಮಾಡಿದೆ, ಮೂರು ವರ್ಷಕ್ಕೆ 8ಕ್ಕೆ ಇಳಿದೆ. ಮತ್ತೆ ಹತ್ತಲಿಲ್ಲ.

ಹಳೇ ಸಿಗ್ನಲ್ (ಹಾವೇರಿ):

ಸೇನೆಯಲ್ಲಿ 22 ವರ್ಷ ಇದ್ದು ಬಂದವನು. ಮೇಲೆ ಹೇಳಿದ್ದು ಸರಿ. ಆದರೆ ನಿಮ್ಮ ಅಪ್ಪನ ಕೆಲಸ ಇರೋದು ಮುಸ್ಸಂಜೆಯಲ್ಲಿ. ಹಾಗಾಗಿ ಬೆಳಕಿನ ಲೆಕ್ಕ ಮೊದಲು ಬರಬೇಕು.

ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. 42ನ್ನು 8ರಿಂದ ಭಾಗಿಸಿದರೆ 5.25. ಬೈನಾಕ್ಯುಲರಿನಿಂದ ನಿಮ್ಮ ಕಣ್ಣಿಗೆ ಬೀಳೋ ಬೆಳಕಿನ ಬಿಲ್ಲೆ 5.25 ಮಿ.ಮೀ. ಅಗಲ ಇರುತ್ತದೆ ಅಂತ ಅರ್ಥ. 10×42ಕ್ಕೆ 4.2. 10×50ಕ್ಕೆ 5. ನಿಮಗೆ ತೋರಿಸಿದ 20×50ಕ್ಕೆ ಬರೀ 2.5. ಮಧ್ಯಾಹ್ನದ ಬಿಸಿಲಿಗೆ ನಮ್ಮ ಕಣ್ಣಿನ ಪಾಪೆ ಎರಡು-ಮೂರು ಮಿ.ಮೀ.ಗೆ ಕುಗ್ಗಿರುತ್ತದೆ. ಆಗ ಇವೆಲ್ಲ ಒಂದೇ ಥರ ಕಾಣುತ್ತವೆ. ಅಂಗಡಿಯಲ್ಲಿ ಹಗಲು ಹೊತ್ತು ನೋಡಿ ಮೋಸ ಹೋಗೋದು ಇದೇ ಕಾರಣಕ್ಕೆ. ಹೊತ್ತು ಮುಳುಗಿದ ಮೇಲೆ ಪಾಪೆ ಅರಳುತ್ತದೆ. ಹುಡುಗರಿಗೆ 7 ಮಿ.ಮೀ.ವರೆಗೂ ಹೋಗುತ್ತದೆ. 64ರ ಪ್ರಾಯದಲ್ಲಿ 5ರ ಆಸುಪಾಸು ಅಂತ ಇಟ್ಟುಕೊಳ್ಳಿ. ಆಗ 2.5ರ ಬಿಲ್ಲೆ ಕೊಡೋ ಬೈನಾಕ್ಯುಲರಿನಲ್ಲಿ ಬರೀ ಕತ್ತಲೆ ಕಾಣುತ್ತದೆ.

ನಾವು 7×50 ಬಳಸುತ್ತಿದ್ದೆವು. ಅದು 7.1ರ ಬಿಲ್ಲೆ ಕೊಡುತ್ತದೆ. ಇಪ್ಪತ್ತರ ಹುಡುಗನ ಕಣ್ಣಿಗೆ ಚಿನ್ನ. ನಿಮ್ಮ ಅಪ್ಪನಿಗೆ ಅದರಲ್ಲಿ ಅರ್ಧ ಬೆಳಕು ಪಾಪೆಯ ಹೊರಗೇ ಬಿದ್ದು ಹೋಗುತ್ತದೆ, ಭಾರ ಮಾತ್ರ ಪೂರ್ತಿ ಹೊರಬೇಕು. 8×42 ಅವರ ಕಣ್ಣಿಗೆ ಅಳತೆ ತೆಗೆದು ಹೊಲಿಸಿದ ಅಂಗಿ ಇದ್ದ ಹಾಗೆ.

ಕಪ್ಪತಗುಡ್ಡ ನಡಿಗೆ (ಗದಗ):

ನಾನು ಒಪ್ಪೋದಿಲ್ಲ. 10ರ ಪರವಾಗಿ ಒಬ್ಬರಾದರೂ ಮಾತಾಡಬೇಕು.

ನಾನು ಡೋಣಿ ಕಡೆಯಿಂದ ಕಪ್ಪತಗುಡ್ಡ ಹತ್ತುತ್ತೇನೆ. ಮರಗಳ ದಟ್ಟಣೆ ಇಲ್ಲ, ಹುಲ್ಲುಗುಡ್ಡ, ಎದುರಿನ ಇಳಿಜಾರು ಪೂರ್ತಿ ಬಯಲು. ಹೋದ ಚಳಿಗಾಲ ಬೆಳಗ್ಗೆ ಒಂದು ಪ್ರಾಣಿ ಎದುರಿನ ದಿಬ್ಬದಲ್ಲಿ ಕಂಡಿತು. ಅರ್ಧ ಕಿಲೋಮೀಟರಿಗಿಂತ ಜಾಸ್ತಿಯೇ ದೂರ. ಗೆಳೆಯನ 8ರಲ್ಲಿ ನೋಡಿದೆವು. ಕಂದು ಬಣ್ಣ, ನಾಲ್ಕು ಕಾಲು, ನಾಯಿಯೂ ಇರಬಹುದು. ನನ್ನ 10ನ್ನು ಕೋಲಿನ ಮೇಲೆ ಇಟ್ಟು ನೋಡಿದಾಗ ಬಾಲ ಕಂಡಿತು. ನೇರ ಕೆಳಗೆ ಜೋತುಬಿದ್ದಿತ್ತು, ನಾಯಿಯ ಹಾಗೆ ಮೇಲಕ್ಕೆ ಸುರುಳಿ ಸುತ್ತಿರಲಿಲ್ಲ. ತಲೆ ತಗ್ಗಿಸಿ, ಉದ್ದ ಕಾಲು ಹಾಕಿ, ಒಂದೇ ಲಯದಲ್ಲಿ ಹೊರಟಿತ್ತು. ತೋಳ. ಆ ಹತ್ತು ಮೀಟರಿನ ಬೆಲೆ ನನಗೆ ಅವತ್ತು ಗೊತ್ತಾಯಿತು.

ಬೇಟೆಗಾರರ ಇನ್ನೊಂದು ಲೆಕ್ಕವೂ ಇದೆ. ಎರಡೂ ಅಂಕಿಗಳನ್ನು ಗುಣಿಸಿ ವರ್ಗಮೂಲ ತೆಗೆಯುತ್ತಾರೆ. ಮುಸ್ಸಂಜೆಯಲ್ಲಿ ಎಷ್ಟು ವಿವರ ಕಾಣುತ್ತದೆ ಅನ್ನೋದರ ಅಳತೆ ಅದು. 8×42ಕ್ಕೆ 18.3, 10×42ಕ್ಕೆ 20.5. ಈ ಲೆಕ್ಕದಲ್ಲಿ ಹತ್ತೇ ಮುಂದು. ಬಯಲು ಸೀಮೆಯವರು 8 ಅಂದರೆ ನನಗೆ ಸಮಾಧಾನ ಆಗೋದಿಲ್ಲ.

ಹಳೇ ಸಿಗ್ನಲ್:

ಆ ಲೆಕ್ಕ ನನಗೂ ಗೊತ್ತು. ಆದರೆ ಅದರಲ್ಲಿ ಕೈ ನಡುಕ ಸೇರಿಲ್ಲ, ಗಾಜಿನ ಗುಣವೂ ಸೇರಿಲ್ಲ. ಅದೇ ಸೂತ್ರಕ್ಕೆ 20×50 ಹಾಕಿ ನೋಡಿ, 31.6 ಬರುತ್ತದೆ. ಹಾಗಂತ ಸಂಜೆ ಹೊತ್ತು ಅಟ್ಟದ ಮೇಲೆ ಅದನ್ನು ಕೈಯಲ್ಲಿ ಹಿಡಿದು ನೋಡುತ್ತೀರಾ? ನೀವು ತೋಳ ನೋಡಿದ್ದು ಬೆಳಗ್ಗೆ, ಕೋಲಿನ ಆಸರೆ ಕೊಟ್ಟು. ಅವರ ಅಪ್ಪ ನೋಡಬೇಕಾದದ್ದು ಸಂಜೆ, ಬರಿಗೈಯಲ್ಲಿ.

ಕೆಲಗೇರಿ ಕೆರೆ:

ಬಯಲು ಸೀಮೆಯ ಮಾತು ಬಂದಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ನಮ್ಮ ಎರೆ ಭೂಮಿ ಹತ್ತು ಗಂಟೆಗೆಲ್ಲ ಕಾದು ಹಂಚಾಗುತ್ತದೆ. ನೆಲದ ಮೇಲಿನ ಗಾಳಿ ಕುದಿಯೋ ನೀರಿನ ಹಾಗೆ ಅಲ್ಲಾಡುತ್ತದೆ. ಬಿಸಿಲುಗುದುರೆ. ಬೈನಾಕ್ಯುಲರ್ ಆ ಅಲೆಯನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ನವಲಗುಂದದ ಬಯಲಿನಲ್ಲಿ ಹನ್ನೊಂದು ಗಂಟೆಗೆ ಟೆಲಿಸ್ಕೋಪ್ ಇಟ್ಟು ಸೆಳೆವ ಹಕ್ಕಿ ನೋಡಲು ಹೋಗಿದ್ದೆ. ಹಕ್ಕಿಯ ಅಂಚು ಕರಗಿ, ಕಾಲುಗಳು ಮಾಯವಾಗಿ, ಬಣ್ಣದ ಉಂಡೆಯೊಂದು ತೇಲುತ್ತಿತ್ತು. ಅದೇ ಜಾಗದಲ್ಲಿ ಬೆಳಗ್ಗೆ ಏಳಕ್ಕೆ 8ರಲ್ಲೇ ರೆಕ್ಕೆಯ ಪಟ್ಟಿ ಕಾಣುತ್ತಿತ್ತು. ನಮ್ಮ ಕಡೆ ಬಯಲಿದೆ ಅಂತ ದೊಡ್ಡ ಅಂಕಿ ತಗೊಂಡರೆ ಅದರ ಲಾಭ ಸಿಗೋದು ದಿನದಲ್ಲಿ ಮೂರು-ನಾಲ್ಕು ತಾಸು ಮಾತ್ರ.

ಪ್ರಿಸಂ (ಹುಬ್ಬಳ್ಳಿ):

ಕ್ಯಾಮೆರಾ, ಬೈನಾಕ್ಯುಲರ್ ರಿಪೇರಿ ನನ್ನ ಕೆಲಸ. ನೀವೆಲ್ಲ ಅಂಕಿ ನಿಜ ಅಂದುಕೊಂಡು ಮಾತಾಡುತ್ತಿದ್ದೀರಿ. ಎಷ್ಟೋ ಬೈನಾಕ್ಯುಲರಿನ ಮೇಲೆ ಬರೆದ ಅಂಕಿಯೇ ಸುಳ್ಳು.

ಹೋದ ತಿಂಗಳು ಒಬ್ಬ ಹುಡುಗ 60×60 ಅಂತ ಅಚ್ಚು ಹಾಕಿದ್ದನ್ನು ತಂದ. ಆನ್‌ಲೈನ್‌ನಲ್ಲಿ ತರಿಸಿದ್ದಂತೆ. ಅವನ ಕಣ್ಣೆದುರಿಗೇ ಅಳೆದೆ. ನೀವೂ ಮನೆಯಲ್ಲಿ ಮಾಡಬಹುದು. ಬೈನಾಕ್ಯುಲರಿನ ಮುಂಭಾಗವನ್ನು ಬೆಳಕಿರೋ ಆಕಾಶಕ್ಕೆ ತಿರುಗಿಸಿ. ಸೂರ್ಯನ ಕಡೆ ಮಾತ್ರ ಯಾವತ್ತೂ ಬೇಡ, ಕಣ್ಣು ಹೋಗುತ್ತದೆ. ಕಣ್ಣಿಡೋ ಗಾಜಿನ ಹಿಂದೆ ಒಂದು ತೆಳು ಬಿಳಿ ಕಾಗದ ಹಿಡಿದು ನಿಧಾನಕ್ಕೆ ಹಿಂದೆ ಮುಂದೆ ಸರಿಸಿ. ಒಂದು ಕಡೆ ಅಂಚು ಸ್ಪಷ್ಟವಾದ ಬೆಳಕಿನ ಬಿಲ್ಲೆ ಮೂಡುತ್ತದೆ. ಅದನ್ನು ಸ್ಕೇಲ್‌ನಿಂದ ಅಳೆಯಿರಿ. ಮುಂದಿನ ಗಾಜಿನ ಅಗಲವನ್ನೂ ಅಳೆಯಿರಿ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ. ಬಂದದ್ದೇ ಅದರ ನಿಜವಾದ ಪಟ್ಟು. ಆ ಹುಡುಗನ 60×60ರ ಗಾಜು 36 ಮಿ.ಮೀ. ಇತ್ತು, ಬಿಲ್ಲೆ ನಾಲ್ಕೂವರೆ. ಅಂದರೆ ಅದು 8×36. ಕಾಗದದ ಮೇಲೆ ಆ ಪುಟ್ಟ ಬಿಲ್ಲೆ ನೋಡುತ್ತಾ ಅವನು ತುಂಬ ಹೊತ್ತು ಸುಮ್ಮನೆ ನಿಂತ. ಕೂಡಿಟ್ಟ ದುಡ್ಡಿನಲ್ಲಿ ತಗೊಂಡಿದ್ದ. ನನಗೆ ತುಂಬ ಬೇಜಾರಾಯಿತು.

ಹಾಗೇ ಬೈನಾಕ್ಯುಲರನ್ನು ಮೊಳದುದ್ದ ದೂರ ಹಿಡಿದು ಆ ಬಿಲ್ಲೆಯ ಆಕಾರ ನೋಡಿ. ಪೂರ್ತಿ ದುಂಡಗೆ ಇದ್ದರೆ ಒಳ್ಳೆಯದು. ಅಂಚು ಕತ್ತರಿಸಿದ ಹಾಗೆ ಚೌಕವಾಗಿ, ಬೂದು ನೆರಳು ಬಿದ್ದಿದ್ದರೆ ಒಳಗಿನ ಪ್ರಿಸಂ ಅಗ್ಗದ್ದು. ಬಿಎಕೆ-4 (ಒಳ್ಳೆ ಪ್ರಿಸಂ ಗಾಜಿನ ಹೆಸರು) ಅಂತ ಬರೆದಿರೋದು, ಎಲ್ಲ ಗಾಜಿಗೂ ಹಲವು ಪದರ ಲೇಪನ ಇರೋದು ತಗೊಳ್ಳಿ. ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯೋ ಗಾಜು ಬೇಡ. ಅದು ಬೆಳಕಿನ ಕೆಂಪು ಭಾಗವನ್ನು ವಾಪಸ್ ಎಸೆಯುತ್ತದೆ, ಹಂದಿಯೂ ಹಸಿರಾಗಿ ಕಾಣುತ್ತದೆ. 10-30 ಅಂತ ಜೂಮ್ ಇರೋದೂ ಬೇಡ. ಎರಡೂ ಕೊಳವೆಯ ಜೂಮ್ ಒಂದೇ ಸಮ ಓಡೋದು ಬಹಳ ಕಷ್ಟ. ಸ್ವಲ್ಪ ದಿನಕ್ಕೆ ತಲೆನೋವು ಶುರುವಾಗುತ್ತದೆ.

ಉಣಕಲ್ ಸಂಜೆ (ಹುಬ್ಬಳ್ಳಿ):

ಅಪ್ಪ ಕನ್ನಡಕ ಹಾಕುತ್ತಾರಾ? ಯಾರೂ ಕೇಳಲಿಲ್ಲ. ಹಾಕುತ್ತಾರೆ ಅಂದರೆ ಐ ರಿಲೀಫ್ (ಗಾಜಿನಿಂದ ಕಣ್ಣು ಎಷ್ಟು ದೂರ ಇದ್ದರೂ ದೃಶ್ಯ ಪೂರ್ತಿ ಕಾಣುತ್ತದೆ ಅನ್ನೋ ಅಳತೆ) 15 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಡಬ್ಬಿಯ ಮೇಲೆ ಬರೆದಿರುತ್ತಾರೆ. ಕಡಿಮೆ ಇದ್ದರೆ ಕನ್ನಡಕದೊಳಗಿಂದ ದೃಶ್ಯದ ನಡುಭಾಗ ಮಾತ್ರ ಕಾಣುತ್ತದೆ, ಅಂಚೆಲ್ಲ ಕಪ್ಪು. ಕಣ್ಣಿಡೋ ಕಡೆಯ ರಬ್ಬರ್ ಬಟ್ಟಲು ತಿರುಗಿಸಿದರೆ ಕೆಳಗಿಳಿಯೋ ಥರದ್ದು ನೋಡಿ. ಮೂರು ವರ್ಷ ನಾನು ಇದು ಗೊತ್ತಿಲ್ಲದೆ ಕನ್ನಡಕ ತೆಗೆದು, ಹಾಕಿ, ತೆಗೆದು, ಉಣಕಲ್ ಕೆರೆಯ ಎಷ್ಟೋ ಹಕ್ಕಿ ಕಳಕೊಂಡೆ.

ಬದುವಿನಾಚೆ:

ಎಲ್ಲರಿಗೂ ತುಂಬ ಉಪಕಾರ. ಅಪ್ಪ ಓದಲು ಮಾತ್ರ ಕನ್ನಡಕ ಹಾಕುತ್ತಾರೆ, ದೂರಕ್ಕೆ ಬೇಡ. ಆದರೆ ಒಂದು ಗೊಂದಲ ಉಳಿದಿದೆ. ಆ ಹೊರದೇಶದವರು ವರ್ಷಗಟ್ಟಲೆ ಇದೇ ಕೆಲಸ ಮಾಡಿದವರು. ಅವರು ಯಾಕೆ 10, 15 ಅನ್ನುತ್ತಾರೆ?

ಹಳೇ ಸಿಗ್ನಲ್:

ಅವರು ಹೇಳೋದು ಅವರ ನೆಲಕ್ಕೆ ಸರಿ. ಅಮೆರಿಕದ ಪಶ್ಚಿಮದ ಕಡೆ ಕಣಿವೆಯ ಈ ತುದಿಯಲ್ಲಿ ಕೂತು ಆ ತುದಿ ನೋಡುತ್ತಾರೆ. ಒಂದು-ಎರಡು ಕಿಲೋಮೀಟರ್. ಕುತ್ತಿಗೆಗೆ 10×42, ಟ್ರೈಪಾಡ್ ಮೇಲೆ 15×56. ತಾಸುಗಟ್ಟಲೆ ಕದಲದೆ ಒಂದೊಂದೇ ಪೊದೆ ಹುಡುಕುತ್ತಾರೆ. ಅದೇ ದೇಶದಲ್ಲಿ ಮರಗಾಡಿನಲ್ಲಿ ನಡೆಯೋರು 8 ಅನ್ನುತ್ತಾರೆ.

ನಿಮಗೆ ಹತ್ತಿರದವರು ಜರ್ಮನಿಯವರು. ಅವರೂ ಕಾಡಂಚಿನ ಹೊಲದಲ್ಲಿ ಮರದ ಅಟ್ಟ ಕಟ್ಟಿ ಹಂದಿಗೆ ಕಾಯುತ್ತಾರೆ. ಅವರ ಹಳೇ ಪದ್ಧತಿಯ ಬೈನಾಕ್ಯುಲರ್ 8×56. ಪಟ್ಟು ಎಂಟೇ ಇದೆ ನೋಡಿ! ಬೆಳಕಿಗೆ ಗಾಜು ದೊಡ್ಡದು ಮಾಡಿದರು, ಪಟ್ಟು ಏರಿಸಲಿಲ್ಲ. ಆದರೆ ಅಲ್ಲಿ ಮುಸ್ಸಂಜೆ ತುಂಬ ಹೊತ್ತು ಎಳೆಯುತ್ತದೆ. ನಮ್ಮಲ್ಲಿ ಹೊತ್ತು ಮುಳುಗಿ ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೆ ಕತ್ತಲೆ ಕವಿಯುತ್ತದೆ. ಅಷ್ಟು ಹೊತ್ತಿಗೆ ಒಂದು ಕಿಲೋಗಿಂತ ಭಾರದ 56ರ ಗಾಜು ಹೊರೋದು ಬೇಡ.

ಶಿರಹಟ್ಟಿ ಮೇಷ್ಟ್ರು:

ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಮಕ್ಕಳನ್ನು ಕರೆದೊಯ್ಯುತ್ತೇನೆ. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಬರೋರು ಜಾಸ್ತಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತುಗಳು ಬೆಳಗ್ಗೆ ಹೊಲದಿಂದ ಸಾಲುಸಾಲಾಗಿ ಬಂದು ನೀರಿಗಿಳಿಯುತ್ತವೆ. ಶಾಲೆಯಲ್ಲಿ ಎರಡು ಬೈನಾಕ್ಯುಲರ್ ಇವೆ, ಒಂದು 8, ಒಂದು 10. ಮಕ್ಕಳ ಕೈಗೆ 10 ಕೊಟ್ಟರೆ “ಸರ್, ಬರೀ ನೀರು ಕಾಣುತ್ತೆ” ಅನ್ನುತ್ತಾರೆ. 8 ಕೊಟ್ಟರೆ ಎರಡೇ ಕ್ಷಣದಲ್ಲಿ “ತಲೆ ಮೇಲೆ ಎರಡು ಕಪ್ಪು ಗೆರೆ!” ಅಂತ ಕೂಗುತ್ತಾರೆ. ಮೊದಲ ಸಲ ಬೈನಾಕ್ಯುಲರ್ ಹಿಡಿಯೋ ಅಪ್ಪನಿಗೂ ಹೀಗೇ ಆಗಬಹುದು.

ದೊಡ್ಡ ಪಟ್ಟು ಬೇಕಾಗೋ ಕೆಲಸ ಬೇರೆ ಇದೆ. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವು ಹೆಬ್ಬಾತುಗಳ ಕುತ್ತಿಗೆಗೆ ಅಕ್ಷರ, ಅಂಕಿ ಇರೋ ಪಟ್ಟಿ ಹಾಕುತ್ತಾರೆ. ಅದನ್ನು ದಂಡೆಯಿಂದ ಓದಲು 8ಕ್ಕೂ ಆಗೋದಿಲ್ಲ, 10ಕ್ಕೂ ಆಗೋದಿಲ್ಲ. ಅದಕ್ಕೆ ಟ್ರೈಪಾಡ್ ಮೇಲಿನ ಸ್ಪಾಟಿಂಗ್ ಸ್ಕೋಪ್ ಅನ್ನೋ ಟೆಲಿಸ್ಕೋಪ್ ಬೇಕು.

ಕಪ್ಪತಗುಡ್ಡ ನಡಿಗೆ:

ಹೀಗೆ ಮಾತಾಡೋದಕ್ಕಿಂತ ನೋಡೋದು ಒಳ್ಳೆಯದು. ಭಾನುವಾರ ನನ್ನ 10×42 ತಗೊಂಡು ಬರುತ್ತೇನೆ. ಕೆಲಗೇರಿಯವರು ತಮ್ಮ 8×42 ತಂದರೆ ಅಟ್ಟದ ಮೇಲೆ ಎರಡನ್ನೂ ಅಪ್ಪನ ಕೈಗೆ ಕೊಡೋಣ.

ಕೆಲಗೇರಿ ಕೆರೆ:

ಬರುತ್ತೇನೆ.

ಬದುವಿನಾಚೆ:

ಬಂದಿದ್ದರು. ಏನಾಯಿತು ಅಂತ ಪೂರ್ತಿ ಬರೆಯುತ್ತೇನೆ, ನನ್ನ ಹಾಗೆ ಹುಡುಕೋರಿಗೆ ಉಪಯೋಗ ಆಗಲಿ.

ಮೊದಲು ಅವರು ಅಪ್ಪನ ಕಣ್ಣಿಗೆ ಹೊಂದಿಸಿದರು. ಎರಡು ಕೊಳವೆಯನ್ನು ಮಡಚಿ ಎರಡು ವೃತ್ತ ಒಂದಾಗೋವರೆಗೂ ಸರಿಸಿದರು. ಬಲಗಣ್ಣು ಮುಚ್ಚಿಸಿ ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ದೂರದ ಲೈಟ್ ಕಂಬ ಸ್ಪಷ್ಟ ಮಾಡಿಸಿದರು. ಆಮೇಲೆ ಎಡಗಣ್ಣು ಮುಚ್ಚಿಸಿ, ನಡುವಿನ ಚಕ್ರ ಮುಟ್ಟದೆ, ಬಲಗಡೆ ಕಣ್ಣಿಡೋ ಹತ್ತಿರದ ಉಂಗುರ ಮಾತ್ರ ತಿರುಗಿಸಿದರು. ಆ ಉಂಗುರ ಇರೋದು ಯಾಕೆ ಅಂತ ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಒಮ್ಮೆ ಹೊಂದಿಸಿದರೆ ಮುಗಿಯಿತು. ಆಮೇಲೆ ನಡುವಿನ ಚಕ್ರ ಒಂದೇ ಸಾಕು.

ಹೊತ್ತು ಮುಳುಗೋ ಮೊದಲು ಐದು ಚಿಗರಿ ಬಂದವು. ಒಂದು ಗಂಡು, ನಾಲ್ಕು ಹೆಣ್ಣು. 10ರಲ್ಲಿ ಗಂಡಿನ ಕೋಡಿನ ತಿರುವು ಎಣಿಸೋ ಹಾಗೆ ಕಂಡಿತು, ಅದು ನಿಜ. 8ರಲ್ಲೂ ಕಂಡಿತು, ಸ್ವಲ್ಪ ಚಿಕ್ಕದಾಗಿ. ಆಮೇಲೆ ಗಾಳಿ ಎದ್ದಿತು. ನಮ್ಮ ಅಟ್ಟ ಗಾಳಿಗೆ ಮೆಲ್ಲಗೆ ತೂಗುತ್ತದೆ. ಅಪ್ಪನ ಕೈಯಲ್ಲಿ 10 ನಿಲ್ಲಲಿಲ್ಲ. ಗದಗದವರು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅಡ್ಡ ಬಿದಿರಿನ ಮೇಲಿಟ್ಟು, ಅದರ ಮೇಲೆ ಮೊಣಕೈ ಊರಿ ನೋಡಿದರು. ಅವರಿಗೆ ನಿಂತಿತು, ಅವರು ಖುಷಿಯಾಗಿಯೇ ಇದ್ದರು.

ಕತ್ತಲೆ ಕವಿಯೋ ಹೊತ್ತಿಗೆ ಜಾಲಿ ಬುಡದಲ್ಲಿ ಮೂರು ಕಪ್ಪು ಗುಡ್ಡೆ. ಬರಿಗಣ್ಣಿಗೆ ಕಲ್ಲೋ ಪೊದೆಯೋ ಹೇಳೋಕಾಗದು. ಅಪ್ಪ 10 ಎತ್ತಿದರು, ಎಡಕ್ಕೆ ಬಲಕ್ಕೆ ಹುಡುಕಿದರು, ಸಿಗಲಿಲ್ಲ. 8 ಎತ್ತಿದರು. ಎತ್ತಿದ ಕೂಡಲೇ “ಕಿವಿ ಅಲ್ಲಾಡಿತು” ಅಂದರು. ಮೂರು ದೊಡ್ಡ ಹಂದಿ, ಹಿಂದೆ ಮರಿಗಳು. ಮರಿಗಳ ಬೆನ್ನಿನ ಗೆರೆ ಕಾಣೋಷ್ಟು ಬೆಳಕು ಆಗ ಇರಲಿಲ್ಲ. ಆದರೆ ಒಂದರ ಹಿಂದೆ ಒಂದು ಓಡೋದು ಕಾಣುತ್ತಿತ್ತು. ನಾನು ಪಕ್ಕದ ಹೊಲದವರಿಗೆ ಫೋನ್ ಮಾಡಿದೆ. ಎರಡೂ ಕಡೆಯಿಂದ ತಗಡು ಬಡಿದೆವು. ಹಳ್ಳಕ್ಕೇ ವಾಪಸ್ ಇಳಿದವು. ಇನ್ನೂ ಹತ್ತು ನಿಮಿಷ ಆಗಿದ್ದರೆ ಯಾವುದರಲ್ಲೂ ಏನೂ ಕಾಣುತ್ತಿರಲಿಲ್ಲ, ಅದೂ ನಿಜ.

8×42 ತಗೊಳ್ಳುತ್ತಿದ್ದೇವೆ. ಅಪ್ಪನ ಮಾತು.

ಕಪ್ಪತಗುಡ್ಡ ನಡಿಗೆ:

ಆ ಅಟ್ಟಕ್ಕೆ, ಆ ಕೈಗೆ ಎಂಟೇ ಸರಿ. ನಾನೇ ಕಣ್ಣಾರೆ ನೋಡಿದೆ. ಗುಡ್ಡದ ಮೇಲೆ ನನ್ನ 10 ನಾನು ಬಿಡೋದಿಲ್ಲ. ಮತ್ತೆ, ಚಿಗರಿ ಪೈರು ಮೇಯ್ದರೆ ಫೋಟೋ ತೆಗೆದಿಟ್ಟುಕೊಂಡು ಅರಣ್ಯ ಇಲಾಖೆಗೆ ಬೆಳೆ ಹಾನಿ ಪರಿಹಾರದ ಅರ್ಜಿ ಕೊಡಿ. ಬೈನಾಕ್ಯುಲರಿನ ಕಣ್ಣಿಗೆ ಮೊಬೈಲ್ ಕ್ಯಾಮೆರಾ ಒತ್ತಿ ಹಿಡಿದರೂ ಫೋಟೋ ಬರುತ್ತದೆ.

ಪ್ರಿಸಂ:

ತಗೊಂಡ ಮೇಲೆ ಗಾಜಿನ ಮೇಲೆ ಎರೆಮಣ್ಣಿನ ಧೂಳು ಕೂತಿದ್ದರೆ ಟವೆಲ್‌ನಿಂದ ಒರೆಸಬೇಡಿ, ಗೀರು ಬೀಳುತ್ತದೆ. ಮೊದಲು ರಬ್ಬರ್ ಬ್ಲೋವರ್‌ನಿಂದ ಊದಿ, ಆಮೇಲೆ ಮೆತ್ತನೆ ಬ್ರಷ್, ಕೊನೆಗೆ ಮೈಕ್ರೋಫೈಬರ್ ಬಟ್ಟೆ. ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬೂಸ್ಟು ಹಿಡಿದ ಗಾಜು ನನ್ನ ಹತ್ತಿರ ಬರೋದು ಹೆಚ್ಚಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ.

ಬದುವಿನಾಚೆ:

ಡಬ್ಬಿ ಆಗಲೇ ಸಿಕ್ಕಿದೆ, ಅವ್ವ ಉಪ್ಪಿನಕಾಯಿಗೆ ಅಂತ ತಂದಿದ್ದ ಹೊಸದು ಕೊಟ್ಟಳು. ಸಿಲಿಕಾ ಜೆಲ್ ರಾಣೆಬೆನ್ನೂರಿನಲ್ಲಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ಹೇಳಿ.